ದನಿಯ ಅಳತೆ: ಲಷ್ಕರ್ ಮೊಹಲ್ಲಾದಲ್ಲಿ ಮೈಕಿನ ಗೇನ್ ನಡೆದುಬಂದ ದಾರಿ

ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಒಂದಾದ ಲಷ್ಕರ್ ಮೊಹಲ್ಲಾ ತನ್ನ ಹೆಸರನ್ನು ದಂಡು ಅಥವಾ ಸೈನ್ಯ ಎಂಬ ಅರ್ಥದ ಪಾರಸಿ ಮಾತಿನಿಂದ ಪಡೆದಿದೆ. ಈ ಭಾಗದ ಮುಖ್ಯ ದಾರಿಯಾದ ಅಶೋಕ ರಸ್ತೆಯ ದಕ್ಷಿಣ ತುದಿಯ ಆಸುಪಾಸಿನಲ್ಲಿ ದೊಡ್ಡ ಗಡಿಯಾರ ಮತ್ತು ಪುರಭವನಗಳಿದ್ದರೆ, ಉತ್ತರದಲ್ಲಿ ಸಂತ ಫಿಲೋಮಿನಾ ಚರ್ಚಿನ ಅವಳಿ ಗೋಪುರಗಳು ನಿಂತಿವೆ. ಅದೇ ರಸ್ತೆಯಲ್ಲಿ ಮಸ್ಜಿದ್-ಎ-ಆಜಮ್ ಕೂಡ ಇದೆ. ಒಬ್ಬರ ದನಿ ನೂರಾರು ಜನರ ಕಿವಿ ಮುಟ್ಟಬೇಕಾದ ಬಹುತೇಕ ಎಲ್ಲ ಸಂದರ್ಭಗಳೂ, ಅಂದರೆ ನಾಟಕ, ಭಾಷಣ, ಪ್ರವಚನ, ಆಜಾನ್ ಮತ್ತು ಮೆರವಣಿಗೆ, ಈ ಒಂದೇ ದಾರಿಯ ಆಚೀಚೆ ಕಾಣಸಿಗುತ್ತವೆ. ದನಿಯನ್ನು ದೊಡ್ಡದು ಮಾಡುವ ವಿದ್ಯೆಯ ಚರಿತ್ರೆಯನ್ನು, ಅದರಲ್ಲಿಯೂ ಆ ವಿದ್ಯೆಯ ತಿರುಳಾದ ‘ಗೇನ್’ ಎಂಬ ಅಳತೆಯ ಚರಿತ್ರೆಯನ್ನು, ಈ ರಸ್ತೆಯ ಕಟ್ಟಡಗಳ ಮೂಲಕ ಓದಿಕೊಳ್ಳಲು ಸಾಧ್ಯವಿದೆ.

ಗೇನ್ ಎಂದರೆ ಮೈಕಿನಿಂದ ಹೊರಟ ವಿದ್ಯುತ್ ಸಂಕೇತವನ್ನು ಯಂತ್ರದ ಒಂದು ಹಂತವು ಎಷ್ಟು ಪಟ್ಟು ಹಿಗ್ಗಿಸಿ ಮುಂದಿನ ಹಂತಕ್ಕೆ ಕೊಡುತ್ತದೆ ಎಂಬ ಪ್ರಮಾಣ. ಬಾಯಿಯ ಹತ್ತಿರ ಹಿಡಿದ ಸಾಧಾರಣ ಡೈನಮಿಕ್ ಮೈಕ್, ಅಂದರೆ ಅಯಸ್ಕಾಂತದ ನಡುವೆ ಅಲುಗುವ ತಂತಿಸುರುಳಿಯಿಂದ ಕೆಲಸ ಮಾಡುವ ಮೈಕ್, ಮಾತನಾಡುವಾಗ ಹುಟ್ಟಿಸುವುದು ಸುಮಾರು ಒಂದು ಮಿಲಿವೋಲ್ಟ್ ಮಾತ್ರ; ಹಲವು ಮೈಕುಗಳ ದನಿಯನ್ನು ಬೆರೆಸುವ ಮಿಕ್ಸರಿನಂಥ ಸಾಧನಗಳು ಒಳಗೆ ನಿರ್ವಹಿಸುವ ಮಟ್ಟ ಸುಮಾರು ಒಂದು ವೋಲ್ಟ್. ಆದ್ದರಿಂದ ಆ ಸಂಕೇತ ಸಾವಿರ ಪಟ್ಟು ಬೆಳೆಯಬೇಕಾಗುತ್ತದೆ, ಮತ್ತು ಪಟ್ಟುಗಳನ್ನು ಎಣಿಸುವ ಡೆಸಿಬೆಲ್ ಎಂಬ ಮಾನದಲ್ಲಿ ವೋಲ್ಟೇಜು ಹತ್ತು ಪಟ್ಟಾಗುವುದನ್ನು 20 ಎಂದು ಲೆಕ್ಕ ಹಿಡಿಯುವುದರಿಂದ ಸಾವಿರ ಪಟ್ಟು ಎಂದರೆ 60 ಡೆಸಿಬೆಲ್ ಆಗುತ್ತದೆ. ಈ ಹಿಗ್ಗುವಿಕೆ ಕಡಿಮೆಯಾದರೆ ಯಂತ್ರದ ಸ್ವಂತ ಗುಸುಗುಸು ಸದ್ದು ದನಿಯನ್ನು ಮುಚ್ಚುತ್ತದೆ, ಹೆಚ್ಚಾದರೆ ದನಿಯ ತುದಿ ಕತ್ತರಿಸಿಹೋಗಿ ಒಡಕಲಾಗುತ್ತದೆ. ಸಭೆಗೆ ಕೇಳಿಸುವ ಜೋರು ಬೇರೆ, ಗೇನ್ ಬೇರೆ: ಜೋರು ಕೊನೆಯಲ್ಲಿ ಕಿವಿಗೆ ಮುಟ್ಟುವ ಫಲವಾದರೆ, ಗೇನ್ ಆ ಫಲ ಶುದ್ಧವಾಗಿರುವಂತೆ ಆರಂಭದಲ್ಲಿಯೇ ಮಾಡಿಕೊಳ್ಳುವ ಅಳತೆ. ಈ ಎರಡರ ವ್ಯತ್ಯಾಸವನ್ನು ತಿಳಿದವರ ಕಸುಬೇ ಈ ಬರಹದ ವಸ್ತು.

ವಿದ್ಯುತ್ತಿನ ಮೈಕು ಬರುವ ಮುನ್ನ ಈ ಅಳತೆಯನ್ನು ಗಂಟಲು, ವಾದ್ಯ ಮತ್ತು ಕಟ್ಟಡ ಇವು ಮೂರೂ ಹಂಚಿಕೊಂಡಿದ್ದವು. ದಿವಾನ್ ಸಿ. ರಂಗಾಚಾರ್ಲು ಅವರ ನೆನಪಿಗಾಗಿ 1884ರಲ್ಲಿ ಕಟ್ಟಿದ ಪುರಭವನದಂಥ ಸಭಾಂಗಣಗಳಲ್ಲಿ ನಟನ ಮಾತು ಕೊನೆಯ ಸಾಲನ್ನು ಮುಟ್ಟಬೇಕಾದರೆ ಎದೆಯ ಬಲ ಮತ್ತು ಅಕ್ಷರದ ಸ್ಪಷ್ಟತೆ ಎರಡೂ ಬೇಕಾಗಿದ್ದವು, ಎ.ವಿ. ವರದಾಚಾರ್ಯರ ತಲೆಮಾರಿನ ಕಂಪನಿ ನಟರ ಕೀರ್ತಿಯಲ್ಲಿ ಕಂಠಕ್ಕೆ ದೊಡ್ಡ ಪಾಲು ಸಂದದ್ದು ಈ ಕಾರಣದಿಂದಲೇ. ಸಂಗೀತದಲ್ಲಿ ಇದಕ್ಕೆ ಅತ್ಯುತ್ತಮ ನಿದರ್ಶನ ಮೈಸೂರು ಟಿ. ಚೌಡಯ್ಯನವರದು. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಅವರು, ದೊಡ್ಡ ಸಭೆಗಳಲ್ಲಿ ಹಿಂದೆ ಕುಳಿತವರಿಗೆ ಪಿಟೀಲಿನ ನಾದ ಸಾಲದೆ ಹೋಗುವುದನ್ನು ಕಂಡು, 1920ರ ದಶಕದಲ್ಲಿ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಢಿಗೆ ತಂದರು. ವಿದ್ಯುತ್ತಿನ ನೆರವಿಲ್ಲದೆ ನಾದದ ಮೂಲದಲ್ಲಿಯೇ ಬಲವನ್ನು ಹೆಚ್ಚಿಸಿಕೊಂಡ ಈ ಉಪಾಯವನ್ನು, ಮುಂದೆ ಯಂತ್ರಗಳು ಮಾಡಿದ ಕೆಲಸದ ಪೂರ್ವರೂಪ ಎಂದು ಕರೆದರೆ ತಪ್ಪಾಗದು.

ಕಟ್ಟಡದ ಪಾಲನ್ನು ಅರಿಯಲು ಸಂತ ಫಿಲೋಮಿನಾ ಚರ್ಚನ್ನು ನೋಡಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಎದ್ದ ಹಳೆಯ ಚರ್ಚು ಇದ್ದ ಸ್ಥಳದಲ್ಲಿ ಈಗಿನ ಕಟ್ಟಡಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಅಡಿಗಲ್ಲು ಹಾಕಿದರು. ಜರ್ಮನಿಯ ಕಲೋನ್ ನಗರದ ಮಹಾದೇವಾಲಯದಿಂದ ಪ್ರೇರಣೆ ಪಡೆದ ಗಾಥಿಕ್ ಶೈಲಿಯ ಈ ಕಟ್ಟಡದ ತಳವಿನ್ಯಾಸ ಶಿಲುಬೆಯಾಕಾರದ್ದು, ಗೋಪುರಗಳ ಎತ್ತರ 175 ಅಡಿ, ಒಳಗೆ ಸುಮಾರು 800 ಮಂದಿಗೆ ಸ್ಥಳವಿದೆ. ಇಂಥ ಎತ್ತರದ ಚಾವಣಿ ಮತ್ತು ಗಡಸು ಗೋಡೆಗಳ ನಡುವೆ ಸದ್ದು ಒಮ್ಮೆ ಹುಟ್ಟಿದರೆ ಬೇಗ ಸಾಯುವುದಿಲ್ಲ. ಸದ್ದಿನ ಮೂಲ ನಿಂತ ಮೇಲೆ ಅದರ ಮಟ್ಟ 60 ಡೆಸಿಬೆಲ್ ಇಳಿಯಲು ಹಿಡಿಯುವ ಕಾಲವನ್ನು ಅನುರಣನ ಕಾಲ ಎನ್ನುತ್ತಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೀನ್ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅದನ್ನು ಅಳೆದು, ಕೋಣೆಯ ಗಾತ್ರ ಹೆಚ್ಚಿದಷ್ಟೂ ಅದು ಹೆಚ್ಚುತ್ತದೆ, ಸದ್ದನ್ನು ಹೀರುವ ವಸ್ತು ಹೆಚ್ಚಿದಷ್ಟೂ ತಗ್ಗುತ್ತದೆ ಎಂದು ತೋರಿಸಿದರು. ದೊಡ್ಡ ಗಾಥಿಕ್ ಚರ್ಚುಗಳಲ್ಲಿ ಈ ಕಾಲ ಹಲವು ಸೆಕೆಂಡುಗಳಷ್ಟಿರುತ್ತದೆ. ರಾಗವಾಗಿ ಎಳೆದು ಹಾಡುವ ಲ್ಯಾಟಿನ್ ಪ್ರಾರ್ಥನೆಗೆ ಇದು ಹೊದಿಸಿದ ಶಾಲಿನಂತೆ ಒಪ್ಪುತ್ತಿತ್ತು. ಆದರೆ ಸೆಕೆಂಡಿಗೆ ಐದಾರು ಅಕ್ಷರಗಳಂತೆ ಸಾಗುವ ಮಾತಿಗೆ ಇದೇ ತೊಡಕು, ಏಕೆಂದರೆ ಒಂದು ಅಕ್ಷರದ ಬಾಲ ಮುಂದಿನ ಐದಾರು ಅಕ್ಷರಗಳ ಮೇಲೆ ಬಿದ್ದಿರುತ್ತದೆ.

ಚರ್ಚಿನ ಅಡಿಗಲ್ಲು ಬಿದ್ದ ಹೊತ್ತಿಗೆ ಜಗತ್ತಿನಲ್ಲಿ ದನಿವರ್ಧಕದ ಯುಗ ಆರಂಭವಾಗಿಯೇ ಇತ್ತು. ಅಮೆರಿಕದಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡ್ಹ್ಯಾಮ್ 1915ರಲ್ಲಿ ಸಾರ್ವಜನಿಕ ಸಭೆಗೆ ಲೌಡ್‌ಸ್ಪೀಕರನ್ನು ಬಳಸಿ ತೋರಿಸಿದ್ದರು. ಮೈಸೂರು ನಗರಕ್ಕೆ ವಿದ್ಯುತ್ತು 1908ರಲ್ಲಿಯೇ ಬಂದಿತ್ತು. ಆ ವಿದ್ಯುತ್ತಿನ ಬಲದಿಂದ ಮನೋವಿಜ್ಞಾನದ ಪ್ರಾಧ್ಯಾಪಕರಾದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವಾಟ್ ಶಕ್ತಿಯ ಪ್ರಸಾರ ಯಂತ್ರವನ್ನಿಟ್ಟು 1935ರ ಸೆಪ್ಟೆಂಬರ್ 10ರಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಅದರ ಹೆಸರನ್ನು ಮುಂದೆ ಇಡೀ ರಾಷ್ಟ್ರದ ಬಾನುಲಿ ಸಂಸ್ಥೆಯೇ ತಳೆಯಿತು. ಮೈಸೂರಿನ ಆ ಕೇಂದ್ರ 1950ರಲ್ಲಿ ಆಲ್ ಇಂಡಿಯಾ ರೇಡಿಯೋಗೆ ಸೇರಿ, 1955ರಲ್ಲಿ ಬೆಂಗಳೂರಿಗೆ ಹೋಯಿತು. ಲಷ್ಕರ್ ಮೊಹಲ್ಲಾದ ಚರಿತ್ರೆಗೆ ಈ ಕೇಂದ್ರದ ಮಹತ್ವ ಏನೆಂದರೆ, ತಂತಿಯಿಲ್ಲದೆ ದನಿಯನ್ನು ಸಾಗಿಸುವ ಕ್ರಮ ಈ ಊರಿಗೆ ಮೊದಲು ಬಂದದ್ದು ಸಭೆಯ ಮೈಕಾಗಿ ಅಲ್ಲ, ಬಾನುಲಿಯಾಗಿ. ಇಂದಿನ ಕಾರ್ಡ್‌ಲೆಸ್ ಮೈಕ್ ಎಂದರೆ ಮೂಲತಃ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಒಂದು ಬಾನುಲಿ ಕೇಂದ್ರವೇ.

ಬಾನುಲಿಯು ಗೇನ್ ಎಂಬ ಅಳತೆಗೆ ಶಿಸ್ತನ್ನು ಕೊಟ್ಟಿತು. ಪ್ರಸಾರ ಯಂತ್ರಕ್ಕೆ ಹೋಗುವ ದನಿ ಒಂದು ಮಿತಿಯನ್ನು ದಾಟಿದರೆ ಕೇಳುಗರ ಮನೆಯಲ್ಲಿ ಅದು ಒಡೆದು ಕೇಳಿಸುತ್ತದೆ, ಮಿತಿಗಿಂತ ಬಹಳ ಕೆಳಗಿದ್ದರೆ ಗಾಳಿಯ ಗೊರಗೊರ ಸದ್ದಿನಲ್ಲಿ ಮುಳುಗುತ್ತದೆ. ಆದ್ದರಿಂದ ಮಾಪಕದ ಮುಳ್ಳಿನ ಮೇಲೆ ಕಣ್ಣಿಟ್ಟು ಗುಂಡಿಯ ಮೇಲೆ ಕೈಯಿಟ್ಟು ಕೂರುವ ಒಬ್ಬ ಕೆಲಸಗಾರ ಅಲ್ಲಿ ಅನಿವಾರ್ಯನಾದ. ಅಮೆರಿಕದ ಬಾನುಲಿ ಮತ್ತು ದೂರವಾಣಿ ಸಂಸ್ಥೆಗಳು 1939ರಲ್ಲಿ ವಿಯು ಮೀಟರ್ ಎಂಬ ಮಾಪಕವನ್ನು ಒಪ್ಪಿಕೊಂಡವು. ಅದರ ಮುಳ್ಳು ಕ್ಷಣಕ್ಷಣದ ಏರಿಳಿತಕ್ಕೆ ಕುಣಿಯದೆ ಸುಮಾರು ಒಂದು ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟು ಕಾಲದ ಸರಾಸರಿಯನ್ನು ತೋರುತ್ತಿದ್ದುದರಿಂದ ಮನುಷ್ಯನ ಕಿವಿಗೆ ತೋರುವ ಜೋರಿಗೆ ಹತ್ತಿರವಾಗಿತ್ತು. ದನಿಯನ್ನು ಕೇಳಿ ಅಳೆಯುವುದರ ಜೊತೆಗೆ ನೋಡಿ ಅಳೆಯುವ ಪದ್ಧತಿ ಹೀಗೆ ರೂಢಿಯಾಯಿತು.

ಸಭೆಗಳ ಮೈಕ್ ಸೆಟ್ ಬೇರೆಯೇ ದಾರಿಯಲ್ಲಿ ಬಂದಿತು. ದಿಲ್ಲಿಯಲ್ಲಿ 1940ರಲ್ಲಿ ಆರಂಭವಾದ ಅಹುಜಾದಂಥ ದೇಶೀಯ ಕಂಪನಿಗಳು ತಯಾರಿಸಿದ ಆಂಪ್ಲಿಫೈಯರುಗಳು, ಕಹಳೆಯಾಕಾರದ ಹಾರ್ನ್ ಸ್ಪೀಕರುಗಳು ಸ್ವಾತಂತ್ರ್ಯೋತ್ತರ ಭಾರತದ ಮದುವೆ, ಜಾತ್ರೆ, ಚುನಾವಣೆಗಳಿಗೆ ದನಿ ಕೊಟ್ಟವು. ಮೆರವಣಿಗೆಗಳಲ್ಲಿ ಅವು ಕಾರಿನ ಬ್ಯಾಟರಿಯ ಮೇಲೆ ನಡೆದವು. ಈ ಆಂಪ್ಲಿಫೈಯರಿನ ಮುಖದ ಮೇಲೆ ಮುಳ್ಳಿನ ಮಾಪಕಕ್ಕೆ ಸಾಮಾನ್ಯವಾಗಿ ಜಾಗವಿರಲಿಲ್ಲ. ಮೈಕಿಗೆ ಒಂದೊಂದರಂತೆ ಗುಂಡಿಗಳು, ಟ್ರೆಬಲ್, ಬಾಸ್, ಒಂದು ಕೆಂಪು ದೀಪ, ಇಷ್ಟೇ. ಒಂದೇ ಗುಂಡಿ ಗೇನನ್ನೂ ಜೋರನ್ನೂ ಏಕಕಾಲಕ್ಕೆ ಬದಲಿಸುತ್ತಿದ್ದುದರಿಂದ ಇವೆರಡೂ ಒಂದೇ ಎಂಬ ಭಾವನೆ ಜನರಲ್ಲಿ ಬೇರೂರಿತು, ಮತ್ತು ಆ ಭಾವನೆ ಇಂದಿಗೂ ಪೂರ್ತಿ ಹೋಗಿಲ್ಲ. ಮೈಕ್‌ನವರು ಅಳತೆಗೋಲಾಗಿ ಬಳಸಿದ್ದು ಊಳು ಎಂದು ಕರೆಯುವ ಕೀರಲು ಸದ್ದನ್ನು. ಸ್ಪೀಕರಿನಿಂದ ಹೊರಟ ದನಿ ಮತ್ತೆ ಮೈಕಿಗೆ ಬಿದ್ದು, ಹಿಗ್ಗಿ, ಮತ್ತೆ ಸ್ಪೀಕರಿಗೆ ಹೋಗುವ ಸುತ್ತು ಒಂದು ಮಿತಿಯನ್ನು ಮೀರಿದಾಗ ಆ ಸದ್ದು ಹುಟ್ಟುತ್ತದೆ. ಊಳಿಡುವ ತನಕ ಏರಿಸಿ ಅಲ್ಲಿಂದ ಸ್ವಲ್ಪ ಇಳಿಸುವುದು ಅನುಭವ ಕಲಿಸಿದ ಕ್ರಮ. ತೆರೆದಿಟ್ಟ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಊಳಿಲ್ಲದೆ ಏರಿಸಬಹುದಾದ ಮಟ್ಟ 3 ಡೆಸಿಬೆಲ್ ಕುಗ್ಗುತ್ತದೆ ಎಂಬ ಲೆಕ್ಕ ಅವರಿಗೆ ಅಂಕಿಯಲ್ಲಿ ಗೊತ್ತಿಲ್ಲದಿದ್ದರೂ, ಮಾತಿಲ್ಲದ ಮೈಕನ್ನು ಮುಚ್ಚಬೇಕೆಂಬುದು ಗೊತ್ತಿತ್ತು.

ಚರ್ಚುಗಳ ಒಳಗೆ ಮೈಕಿನ ಅಗತ್ಯ ತೀವ್ರವಾದದ್ದು ಯಂತ್ರದ ಬದಲಾವಣೆಗಿಂತ ಹೆಚ್ಚಾಗಿ ಆರಾಧನೆಯ ಬದಲಾವಣೆಯಿಂದ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ಆರಾಧನಾ ವಿಧಿಯ ಶಾಸನವು ಜನಭಾಷೆಗಳಿಗೆ ದಾರಿ ತೆರೆಯಿತು. ಅದುವರೆಗೆ ಪೀಠದ ಕಡೆಗೆ ಮುಖ ಮಾಡಿ ಲ್ಯಾಟಿನ್‌ನಲ್ಲಿ ಪೂಜೆ ನಡೆಸುತ್ತಿದ್ದ, ಕೆಲವು ಪ್ರಾರ್ಥನೆಗಳನ್ನು ಜನರಿಗೆ ಕೇಳಿಸದಷ್ಟು ಮೆಲುದನಿಯಲ್ಲಿ ಹೇಳುತ್ತಿದ್ದ ಗುರುಗಳು, ಜನರ ಕಡೆಗೆ ತಿರುಗಿ ಜನರ ಮಾತಿನಲ್ಲಿ ಪ್ರತಿಯೊಂದು ಪದವೂ ತಿಳಿಯುವಂತೆ ಹೇಳಬೇಕಾಯಿತು. ಮೈಕು ಬಂದದ್ದರಿಂದಲೇ ಲ್ಯಾಟಿನ್ ಪೂಜೆ ಹಿಂದೆ ಸರಿಯಿತು ಎಂಬ ಅರ್ಥದಲ್ಲಿ ಕೆನಡಾದ ಚಿಂತಕ ಮಾರ್ಷಲ್ ಮೆಕ್‌ಲೂಹನ್ ವಾದಿಸಿದ್ದರು. ಕಾರಣ ಯಾವುದು, ಫಲ ಯಾವುದು ಎಂಬ ಚರ್ಚೆ ಏನೇ ಇದ್ದರೂ ಎರಡೂ ಜೊತೆಯಾಗಿ ನಡೆದವೆಂಬುದು ನಿಜ. ಸಂತ ಫಿಲೋಮಿನಾದಲ್ಲಿ ಇಂದು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲಿಯೂ ಬಲಿಪೂಜೆ ನಡೆಯುತ್ತದೆ. ಹಾಡಿಗೆ ಒಪ್ಪುವ ಕಟ್ಟಡದಲ್ಲಿ ಮಾತು ತಿಳಿಯಬೇಕು ಎಂಬ ಹೊಸ ಬೇಡಿಕೆಗೆ ಬರಿಯ ಜೋರು ಉತ್ತರವಾಗದು. ಜೋರು ಹೆಚ್ಚಿಸಿದರೆ ನೇರ ದನಿಯ ಜೊತೆಗೆ ಅದರ ಅನುರಣನವೂ ಅಷ್ಟೇ ಹೆಚ್ಚುತ್ತದೆ. ಮೈಕು ಬಾಯಿಗೆ ಹತ್ತಿರವಿರಬೇಕು, ಸ್ಪೀಕರುಗಳು ಕಿವಿಗಳಿಗೆ ಹತ್ತಿರವಿರಬೇಕು; ಗೋಡೆಗೆ ನೀಳವಾಗಿ ನಿಲ್ಲಿಸುವ ಕಾಲಂ ಸ್ಪೀಕರುಗಳು ಇಂಥ ಕಟ್ಟಡಗಳಿಗೆ ಒಗ್ಗಿಕೊಂಡದ್ದು ಇದೇ ಕಾರಣದಿಂದ.

ಮೈಕು ಬಾಯಿಗೆ ಹತ್ತಿರವಿರಬೇಕು, ಆದರೆ ಮಾತನಾಡುವವರು ಓಡಾಡಬೇಕು ಎಂಬ ಎರಡು ಬಯಕೆಗಳನ್ನು ಒಟ್ಟಿಗೆ ಈಡೇರಿಸಿದ್ದು ವೈರ್‌ಲೆಸ್ ಮೈಕ್. ಅಮೆರಿಕದ ಶೂರ್ ಕಂಪನಿ 1953ರಲ್ಲಿ ರಂಗಕ್ಕಾಗಿ ಇಂಥದೊಂದನ್ನು ಮಾರಾಟಕ್ಕೆ ತಂದಿತ್ತು. ಜರ್ಮನಿಯ ಸೆನ್‌ಹೈಸರ್ ಅದೇ ದಶಕದಲ್ಲಿ ದೂರದರ್ಶನಕ್ಕಾಗಿ ತನ್ನದನ್ನು ತಯಾರಿಸಿತು. ಇವುಗಳಲ್ಲಿ ದನಿಯ ಸಂಕೇತವು ಬಾನುಲಿ ಅಲೆಯ ಆವರ್ತನವನ್ನು ಅತ್ತಿತ್ತ ತೂಗಾಡಿಸುತ್ತದೆ. ತೂಗಾಟ ಹೆಚ್ಚಿದಷ್ಟೂ, ಆ ಅಲೆಯನ್ನು ಹಿಡಿಯುವ ರಿಸೀವರಿನಲ್ಲಿ ದನಿ ನಿಚ್ಚಳವಾಗುತ್ತದೆ, ಆದರೆ ಆ ತೂಗಾಟಕ್ಕೆ ದಾಟಬಾರದ ಒಂದು ಗಡಿ ಇರುತ್ತದೆ. ಆ ಗಡಿಯೊಳಗೆ ಮನುಷ್ಯದನಿಯ ಪಿಸುಮಾತಿನಿಂದ ಕೂಗಿನವರೆಗಿನ ಹರವನ್ನು ಹಿಡಿಸುವುದು ಕಷ್ಟವಾದ್ದರಿಂದ, 1970ರ ದಶಕದಿಂದೀಚೆಗೆ ಕಂಪ್ಯಾಂಡರ್ ಎಂಬ ಮಂಡಲವನ್ನು ಸೇರಿಸಲಾಯಿತು: ಅದು ಮೈಕಿನ ಕಡೆ 100 ಡೆಸಿಬೆಲ್ ಹರವನ್ನು 50ಕ್ಕೆ ಮಡಚುತ್ತದೆ, ರಿಸೀವರಿನ ಕಡೆ ಅದೇ ಪ್ರಮಾಣದಲ್ಲಿ ಬಿಚ್ಚುತ್ತದೆ.

ವೈರ್‌ಲೆಸ್ ತಂದ ದೊಡ್ಡ ಬದಲಾವಣೆ ಏನೆಂದರೆ, ಹಿಂದೆ ಒಂದೇ ಗುಂಡಿಯಲ್ಲಿದ್ದ ಅಳತೆ ಈಗ ಮೂರು ಕಡೆ ಹಂಚಿಹೋಯಿತು. ಮೊದಲನೆಯದು ಮಾತನಾಡುವವರ ಕೈಯಲ್ಲಿ ಅಥವಾ ಸೊಂಟದಲ್ಲಿರುವ ಟ್ರಾನ್ಸ್‌ಮಿಟರಿನ ಗೇನ್, ಎರಡನೆಯದು ರಿಸೀವರಿನಿಂದ ಹೊರಬರುವ ಮಟ್ಟ, ಮೂರನೆಯದು ಮಿಕ್ಸರಿನ ಗೇನ್. ಇವು ಮೂರೂ ಕಾವೇರಿ ಸೀಮೆಯ ನಾಲೆಯ ಮೇಲಿನ ತೂಬುಗಳಂತೆ ಒಂದರ ನಂತರ ಒಂದು ಬರುತ್ತವೆ. ಮೇಲಿನ ತೂಬಿನಲ್ಲಿಯೇ ಕದಡಿದ ನೀರು ಕೆಳಗಿನ ಗದ್ದೆಗೆ ತಿಳಿಯಾಗಿ ಬರುವುದಿಲ್ಲ. ಟ್ರಾನ್ಸ್‌ಮಿಟರಿನಲ್ಲಿ ಗೇನ್ ಹೆಚ್ಚಿ ದನಿ ಒಡೆದರೆ ಮಿಕ್ಸರಿನಲ್ಲಿ ಎಷ್ಟು ಇಳಿಸಿದರೂ ಅದು ಸಣ್ಣದಾದ ಒಡಕು ದನಿಯಾಗುತ್ತದೆಯೇ ಹೊರತು ಸರಿಯಾದ ದನಿಯಾಗುವುದಿಲ್ಲ. ಅಲ್ಲಿ ಗೇನ್ ಕಡಿಮೆಯಾದರೆ ಕೆಳಗೆ ಏರಿಸಿದಷ್ಟೂ ಗುಸುಗುಸು ಸದ್ದೂ ಏರುತ್ತದೆ. ರಿಸೀವರಿನ ಮುಖದ ಮೇಲೆ ಸಾಮಾನ್ಯವಾಗಿ ಎರಡು ಮಾಪಕಗಳಿರುತ್ತವೆ: ಆರ್‌ಎಫ್ ಎಂಬುದು ಬಾನುಲಿ ಅಲೆಯ ಬಲವನ್ನು, ಎಎಫ್ ಎಂಬುದು ದನಿಯ ಮಟ್ಟವನ್ನು ತೋರಿಸುತ್ತದೆ. ಮೊದಲನೆಯದು ತುಂಬಿರುವುದನ್ನು ಕಂಡು ದನಿ ಸರಿಯಾಗಿದೆ ಎಂದು ತಿಳಿಯುವುದು ಹೊಸಬರು ಮಾಡುವ ತಪ್ಪು. ಮೌನವಾಗಿರುವ ಮೈಕಿನಲ್ಲಿಯೂ ಅದು ತುಂಬಿಯೇ ಇರುತ್ತದೆ.

ಅಂಗಿಯ ಪಟ್ಟಿಗೆ ಸಿಕ್ಕಿಸುವ ಕಾಲರ್ ಮೈಕನ್ನು ಸಿದ್ಧಪಡಿಸುವ ಕ್ರಮವನ್ನು ಹತ್ತಿರದಿಂದ ನೋಡಿದರೆ ಈ ಕಸುಬಿನ ಸೂಕ್ಷ್ಮ ತಿಳಿಯುತ್ತದೆ. ಕೈಮೈಕು ಬಾಯಿಂದ 5 ಸೆಂಟಿಮೀಟರ್ ದೂರದಲ್ಲಿದ್ದರೆ ಕಾಲರ್ ಮೈಕು ಸುಮಾರು 20 ಸೆಂಟಿಮೀಟರ್ ದೂರದಲ್ಲಿರುತ್ತದೆ. ದೂರ ಇಮ್ಮಡಿಯಾದಾಗಲೆಲ್ಲ ದನಿ 6 ಡೆಸಿಬೆಲ್ ಇಳಿಯುವುದರಿಂದ ಅದಕ್ಕೆ 12 ಡೆಸಿಬೆಲ್ ಕಡಿಮೆ ದನಿ ಸಿಗುತ್ತದೆ, ಅದನ್ನು ಗೇನಿನಿಂದ ತುಂಬಿಕೊಳ್ಳಬೇಕಾಗುತ್ತದೆ, ಹಾಗೆ ತುಂಬಿಕೊಂಡಷ್ಟೂ ಊಳು ಹತ್ತಿರ ಬರುತ್ತದೆ. ನುರಿತವರು ಮೊದಲು ಹೊಸ ಸೆಲ್ ಹಾಕಿ, ಗದ್ದದಿಂದ ಒಂದು ಗೇಣಿಗೂ ಕಡಿಮೆ ಅಂತರದಲ್ಲಿ, ಬಟ್ಟೆಯಾಗಲಿ ಸರವಾಗಲಿ ಉಜ್ಜದಂತೆ ಮೈಕನ್ನು ಸಿಕ್ಕಿಸುತ್ತಾರೆ. ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ ಎಂಬ ಮಾತಿಗೆ ಗೇನ್ ನಿಲ್ಲಿಸುವುದಿಲ್ಲ, ಏಕೆಂದರೆ ಪರೀಕ್ಷೆಯ ಮೆಲುದನಿ ಬೇರೆ, ಸಭೆಯ ಮುಂದೆ ಆವೇಶ ಬಂದಾಗಿನ ದನಿ ಬೇರೆ. ಭಾಷಣದ ಅತಿ ಜೋರಿನ ಭಾಗವನ್ನು ಅದೇ ಏರುದನಿಯಲ್ಲಿ ಹೇಳಿಸಿ, ಆಗ ಮಾತ್ರ ಮಿತಿಯ ಕೆಂಪು ದೀಪ ಒಮ್ಮೊಮ್ಮೆ ಮಿಣುಕುವಷ್ಟಕ್ಕೆ ಟ್ರಾನ್ಸ್‌ಮಿಟರನ್ನು ಇಡುತ್ತಾರೆ. ಬಳಿಕ ರಿಸೀವರಿನ ಮಟ್ಟವನ್ನು ಮಿಕ್ಸರಿಗೆ ಹೊಂದಿಸಿ, ಮಿಕ್ಸರಿನ ಗೇನನ್ನು ಸರಾಸರಿ ಮಾತು ಮಿತಿಗಿಂತ 12ರಿಂದ 18 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಮಾಡಿ, ಎಲ್ಲಕ್ಕೂ ಕೊನೆಯಲ್ಲಿ ಸಭೆಗೆ ಬೇಕಾದ ಜೋರನ್ನು ಕೊಡುತ್ತಾರೆ. ಇಷ್ಟಾದ ಮೇಲೆ ಟ್ರಾನ್ಸ್‌ಮಿಟರನ್ನು ಮುಟ್ಟಲು ಆಗುವುದಿಲ್ಲ, ಅದು ವೇದಿಕೆಯ ಮೇಲಿನವರ ಸೊಂಟದಲ್ಲಿರುತ್ತದೆ. ಮೊದಲ ಅಳತೆ ಸರಿಯಿರಬೇಕು ಎಂಬ ಒತ್ತಾಯ ತಂತಿಯ ಮೈಕಿಗಿಂತ ಇಲ್ಲಿ ಹೆಚ್ಚಾಗಿರುವುದು ಈ ಕಾರಣಕ್ಕೆ.

ಕಟ್ಟಡದಿಂದ ಹೊರಬಂದರೆ ರಸ್ತೆಯ ಪ್ರಶ್ನೆ ಎದುರಾಗುತ್ತದೆ. ವಾಸದ ಮನೆ, ಅಂಗಡಿ, ಶಾಲೆ, ಆರಾಧನಾ ಸ್ಥಳಗಳು ಒತ್ತಿಕೊಂಡಿರುವ ಮೊಹಲ್ಲಾದಲ್ಲಿ ಒಬ್ಬರ ಸಭೆ ಇನ್ನೊಬ್ಬರ ನಿದ್ದೆಯನ್ನು ಕೆಡಿಸಬಲ್ಲದು. ಕೇಂದ್ರ ಸರ್ಕಾರ 2000ದಲ್ಲಿ ತಂದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದೂ, ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55 ಎಂದೂ ಮಿತಿ ಹಾಕಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ದನಿವರ್ಧಕ ಸಲ್ಲದೆಂಬುದನ್ನು ಸುಪ್ರೀಂ ಕೋರ್ಟು 2005ರ ಜುಲೈ ತೀರ್ಪಿನಲ್ಲಿ ಎತ್ತಿಹಿಡಿಯಿತು. ಈ ನಿಯಮಗಳು ಜೋರನ್ನು ಕುರಿತವು, ಗೇನನ್ನು ಕುರಿತವಲ್ಲ. ಆದರೂ ಎರಡಕ್ಕೂ ನಂಟಿದೆ. ಒಡೆದ ದನಿಯಲ್ಲಿ ಮಾತು ತಿಳಿಯದಾದಾಗ ಸಂಘಟಕರು ಇನ್ನೂ ಜೋರು ಮಾಡಿ ಎನ್ನುತ್ತಾರೆ, ಜೋರು ಮಾಡಿದಷ್ಟೂ ಮಾತು ಮತ್ತಷ್ಟು ಕೆಡುತ್ತದೆ. ಮೊದಲ ಹಂತದಲ್ಲಿ ಶುದ್ಧವಾಗಿ ಹಿಡಿದ ದನಿ ಕಡಿಮೆ ಜೋರಿನಲ್ಲಿಯೇ ಕೊನೆಯ ಸಾಲಿಗೆ ತಿಳಿಯುತ್ತದೆ. ನೆರೆಯವರ ನೆಮ್ಮದಿಯೂ ಸಭೆಯ ತಿಳಿವೂ ಒಂದೇ ಅಳತೆಯಿಂದ ಉಳಿಯುತ್ತವೆ ಎಂಬುದು ಈ ಚರಿತ್ರೆ ಕಲಿಸುವ ಮುಖ್ಯ ಪಾಠ.

ಇತ್ತೀಚಿನ ಕೆಲವು ಡಿಜಿಟಲ್ ವ್ಯವಸ್ಥೆಗಳಲ್ಲಿ ಟ್ರಾನ್ಸ್‌ಮಿಟರಿನ ಗೇನ್ ಗುಂಡಿಯೇ ಇಲ್ಲ. ಪಿಸುಮಾತಿನಿಂದ ಕೂಗಿನವರೆಗಿನ ಇಡೀ ಹರವನ್ನು ಅಂಕಿಗಳಾಗಿ ಹಿಡಿದುಕೊಳ್ಳುವ ಸಾಮರ್ಥ್ಯ ಅವಕ್ಕಿದೆ. ಆದರೂ ಕೆಲಸ ಮುಗಿಯುವುದಿಲ್ಲ, ಏಕೆಂದರೆ ರಿಸೀವರಿನಿಂದ ಸ್ಪೀಕರಿನವರೆಗಿನ ಉಳಿದ ಹಂತಗಳೂ, ಅನುರಣಿಸುವ ಗೋಡೆಗಳೂ, ಮನುಷ್ಯರ ಕಿವಿಗಳೂ ಇದ್ದಲ್ಲಿಯೇ ಇವೆ. ಚೌಡಯ್ಯನವರ ಮೂರು ಹೆಚ್ಚಿನ ತಂತಿಗಳು, ಬಾನುಲಿ ಕೆಲಸಗಾರನ ಮುಳ್ಳು, ಮೈಕ್ ಸೆಟ್ಟಿನವರ ಕಿವಿ, ಇಂದಿನ ಮಿಕ್ಸರಿನ ದೀಪಗಳು, ಇವೆಲ್ಲವೂ ಒಬ್ಬರ ದನಿ ಕೆಡದೆ ಎಲ್ಲರ ಕಿವಿ ಮುಟ್ಟುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ಬೇರೆ ಬೇರೆ ಕಾಲ ಕೊಟ್ಟ ಉತ್ತರಗಳು. ಆ ಉತ್ತರ ಕೊಟ್ಟ ಕೈಗಳ ಚರಿತ್ರೆಯನ್ನು ನಗರದ ಚರಿತ್ರೆಯ ಭಾಗವಾಗಿ ಬರೆದಿಡುವ ಕೆಲಸ ಆಗಬೇಕಾಗಿದೆ. ಅದಕ್ಕೂ ಮೊದಲು, ಸಭೆ ಏರ್ಪಡಿಸುವ ಪ್ರತಿಯೊಬ್ಬರೂ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ: ಕಾರ್ಯಕ್ರಮಕ್ಕೆ ಹದಿನೈದು ನಿಮಿಷ ಮೊದಲು ಮಾತನಾಡುವವರನ್ನು ವೇದಿಕೆಗೆ ಕರೆದು, ಅವರ ನಿಜವಾದ ದನಿಯಲ್ಲಿ ಮಾತನಾಡಿಸಿ, ಮೈಕ್‌ನವರಿಗೆ ಅಳತೆ ತೆಗೆದುಕೊಳ್ಳಲು ಬಿಡಬೇಕು.